ಎಂಟು ಜನ ಇದ್ದೆವು, ಒಬ್ಬರಿಗೂ ಗೊತ್ತಿರಲಿಲ್ಲ

ನಮ್ಮದು ಹಿರಿಯೂರು ಸೀಮೆಯ ಖುಷ್ಕಿ ಬೇಸಾಯ. ಆರೂವರೆ ಎಕರೆ ಕೆಂಪು ನೆಲ. ಶೇಂಗಾ, ತೊಗರಿ, ರಾಗಿ ಹಾಕುತ್ತೇವೆ. ಒಂದು ಬೋರ್ ಇದೆ, ಅದರಲ್ಲಿ ಒಂದೂವರೆ ಇಂಚು ನೀರು, ಬೇಸಿಗೆ ಬಲಿತರೆ ಅದೂ ಇಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಇಂಥವನು ಪ್ರಥಮ ಚಿಕಿತ್ಸೆ ಬಗ್ಗೆ ಬರೆಯೋದೇನು, ಅದು ಡಾಕ್ಟರು ಬರೆಯಬೇಕಾದ್ದಲ್ಲವಾ ಅಂತ ನಿಮಗೆ ಅನ್ನಿಸಬಹುದು. ಆದರೆ ಹೊಲದಲ್ಲಿ ಹೆಚ್ಚುಕಮ್ಮಿ ಆದಾಗ ಡಾಕ್ಟರು ಅಲ್ಲಿರುವುದಿಲ್ಲ. ಅಲ್ಲಿ ಇರೋರು ನಾವು. ಅದಕ್ಕೇ ಬರೆಯುತ್ತಿದ್ದೇನೆ.

2011ರ ಫೆಬ್ರವರಿ. ಅರ್ಧ ಎಕರೆಗೆ ಈರುಳ್ಳಿ ಹಾಕಿದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ತ್ರೀ ಫೇಸ್ ಕರೆಂಟು ಬರುತ್ತಿತ್ತು. ನನ್ನ ತಮ್ಮ ಮೋಟಾರ್ ಹಾಕಿ, ನೀರು ತಿರುವಿ, ಆರು ಗಂಟೆ ಹೊತ್ತಿಗೆ ಮತ್ತೆ ಸ್ಟಾರ್ಟರ್ ಹತ್ತಿರ ಬಂದಿದ್ದಾನೆ. ಕಾಲೆಲ್ಲಾ ಕೆಸರು, ಕೈ ಒದ್ದೆ. ಇಲಿ ವೈರು ಕಡಿದು ತಗಡಿನ ಡಬ್ಬಕ್ಕೆ ಕರೆಂಟು ಇಳಿದಿತ್ತು. ಮುಟ್ಟಿದವನು ಅಲ್ಲೇ ಬಿದ್ದ.

ಪಕ್ಕದ ಹೊಲದವರು ನೋಡಿ ಕೂಗಿದರು. ಒಬ್ಬ ಬುದ್ಧಿವಂತ ಓಡಿ ಹೋಗಿ ಮೇನ್ ಫ್ಯೂಸ್ ಕಿತ್ತ. ಅಷ್ಟು ಮಾತ್ರ ಸರಿಯಾಗಿ ಮಾಡಿದೆವು. ಐದು ನಿಮಿಷದೊಳಗೆ ನಾವು ಎಂಟು ಜನ ಸೇರಿದ್ದೆವು. ಮುಖಕ್ಕೆ ನೀರು ಚಿಮುಕಿಸಿದೆವು. ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದೆವು. ಅಂಗಾಲು ಅಂಗೈ ಉಜ್ಜಿದೆವು. ಮರಳಲ್ಲಿ ಹೂತರೆ ಕರೆಂಟು ಎಳೀತದೆ ಅಂತ ಒಬ್ಬ ಹಿರಿಯರು ಹೇಳಿದರು, ಒಬ್ಬ ಗುದ್ದಲಿ ತರಲಿಕ್ಕೆ ಓಡಿದ. ತಮ್ಮ ಆಗೊಮ್ಮೆ ಈಗೊಮ್ಮೆ ಬಾಯಿ ಬಿಟ್ಟು ಗೊರಕೆ ಹೊಡೆದ ಹಾಗೆ ಉಸಿರು ಎಳೆಯುತ್ತಿದ್ದ. 'ಉಸಿರಾಡ್ತಾವ್ನೆ, ಏನೂ ಆಗಲ್ಲ' ಅಂತ ಧೈರ್ಯ ತಗೊಂಡೆವು. ಲಗೇಜ್ ಆಟೊ ಬರಲಿಕ್ಕೆ ಇಪ್ಪತ್ತು ನಿಮಿಷ, ತಾಲ್ಲೂಕಿನ ಆಸ್ಪತ್ರೆಗೆ 24 ಕಿಲೋಮೀಟರ್. ಅಲ್ಲಿ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, 'ಬಿದ್ದ ತಕ್ಷಣ ಯಾರಾದ್ರೂ ಎದೆ ಒತ್ತಿದ್ರಾ?' ಅಂತ ಕೇಳಿದರು. ಯಾರಾದರೂ ಹೊಡೆದರಾ ಅಂತ ಕೇಳ್ತಿದ್ದಾರೆ ಅಂದುಕೊಂಡು 'ಇಲ್ಲ ಸಾರ್, ಯಾರೂ ಮುಟ್ಟಿಲ್ಲ' ಅಂದೆ.

ಒತ್ತಿದ್ದರೆ ಬದುಕುತ್ತಿದ್ದನಾ? ಹೇಳಲಿಕ್ಕಾಗುವುದಿಲ್ಲ. ಆದರೆ ಎಂಟು ಜನ, ಹದಿನಾರು ಕೈ, ಇಪ್ಪತ್ತು ನಿಮಿಷ ಸುಮ್ಮನೆ ಇದ್ದವು. ಅವನಿಗೆ ಆಗ ಮೂವತ್ತನಾಲ್ಕು ವರ್ಷ. ಇಬ್ಬರು ಮಕ್ಕಳು.

ಮೋಟಾರ್ ನಿಂತಾಗ ಕೈಪಂಪು

ಇದರ ಅರ್ಥ ನನಗೆ ಆಗಿದ್ದು ಎಂಟು ವರ್ಷದ ಮೇಲೆ. 2019ರಲ್ಲಿ ನಮ್ಮೂರ ಹಾಲಿನ ಡೈರಿಯ ಹಾಲ್‌ನಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಪ್ರಥಮ ಚಿಕಿತ್ಸೆ ಕಲಿಸುವ ಒಬ್ಬ ಸಿಸ್ಟರ್ ಬಂದಿದ್ದರು. ಸೊಂಟದವರೆಗಿನ ಒಂದು ರಬ್ಬರ್ ಬೊಂಬೆ ತಂದಿದ್ದರು. ನಾನು ಹೋಗಿದ್ದು ತಮ್ಮನ ನೆನಪಿಗೇ. ಬಹಳ ಜನ ಹೋಗಿದ್ದು ಊಟ ಇದೆ ಅಂತ. ಸುಳ್ಳು ಯಾಕೆ ಹೇಳಲಿ.

ಸಿಸ್ಟರ್ ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಹೃದಯ ಅಂದರೆ ಒಂದು ಪಂಪು. ಅದರಲ್ಲಿ ನಮ್ಮ ಫುಟ್‌ವಾಲ್ವ್ ಥರದ ಕವಾಟಗಳಿವೆ. ಹೋದ ರಕ್ತ ಹಿಂದಕ್ಕೆ ಬರದ ಹಾಗೆ ತಡೆಯುತ್ತವೆ. ಕರೆಂಟು ಹೊಡೆದಾಗ ಈ ಪಂಪು ಎಷ್ಟೋ ಸಲ ಪೂರ್ತಿ ನಿಲ್ಲುವುದಿಲ್ಲ, ಗಡಗಡ ನಡುಗುತ್ತದೆ. ಒಂದು ಫೇಸ್ ಹೋದಾಗ ಮೋಟಾರ್ ಗುಂಯ್ ಅನ್ನುತ್ತದಲ್ಲ, ತಿರುಗುವುದಿಲ್ಲ, ನೀರು ಎತ್ತುವುದಿಲ್ಲ, ಹಾಗೆ. ನೀರು ಹರಿಯದಿದ್ದರೆ ಮೊದಲು ಒಣಗುವುದು ಮಿದುಳು. ಮಿದುಳಿಗೆ ನಾಲ್ಕೈದು ನಿಮಿಷ ರಕ್ತ ಹೋಗದಿದ್ದರೆ ಅದು ಸಾಯಲಿಕ್ಕೆ ಶುರುವಾಗುತ್ತದೆ. ನಮ್ಮ ಹಳ್ಳಿಗಳಿಗೆ ನಾಲ್ಕು ನಿಮಿಷದಲ್ಲಿ ಯಾವ ಆಂಬುಲೆನ್ಸೂ ಬರಲಾರದು. ಬೆಂಗಳೂರಿನಲ್ಲೇ ಬರಲಾರದು.

ಮೋಟಾರ್ ನಿಂತಾಗ ಕೈಪಂಪು ಹೊಡೆಯುವುದಿಲ್ಲವಾ? ಎದೆ ಒತ್ತುವುದು ಅಂದರೆ ಅದೇ. ಎದೆಮೂಳೆ ಮತ್ತು ಬೆನ್ನುಮೂಳೆ ನಡುವೆ ಹೃದಯ ಇದೆ. ಮೇಲಿಂದ ಒತ್ತಿದರೆ ರಕ್ತ ಮುಂದಕ್ಕೆ ಹೋಗುತ್ತದೆ, ಬಿಟ್ಟರೆ ತುಂಬಿಕೊಳ್ಳುತ್ತದೆ. ಕವಾಟಗಳು ಹಿಂದಕ್ಕೆ ಬಿಡುವುದಿಲ್ಲ. ಕೈಪಂಪು ನಿಲ್ಲಿಸಿದರೆ ಪೈಪಿನ ನೀರು ಕೆಳಗಿಳಿದು, ಮತ್ತೆ ಹತ್ತಿಪ್ಪತ್ತು ಸಲ ಬರೀ ಗಾಳಿ ಹೊಡೆಯಬೇಕಲ್ಲ, ಹಾಗೇ ಎದೆ ಒತ್ತುವುದನ್ನು ನಿಲ್ಲಿಸಿದರೆ ಏರಿದ ಒತ್ತಡ ಇಳಿದುಹೋಗುತ್ತದೆ. ಅದಕ್ಕೇ ನಡುವೆ ನಿಲ್ಲಿಸಬಾರದು ಅನ್ನುವುದು.

ಇದನ್ನು ಕಂಡುಹಿಡಿದ ಕತೆ ಕೇಳಿ ನನಗೆ ಆಶ್ಚರ್ಯ ಆಯಿತು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಅನ್ನುವ ವಿಶ್ವವಿದ್ಯಾಲಯ. ಅಲ್ಲಿ ವಿಲಿಯಂ ಕೌವೆನ್‌ಹೋವೆನ್ ಅಂತ ಒಬ್ಬರು. ಡಾಕ್ಟರಲ್ಲ, ಕರೆಂಟಿನ ಇಂಜಿನಿಯರು. ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುವುದು ಹೆಚ್ಚಾಗಿ, ಅದರ ಬಗ್ಗೆ ಸಂಶೋಧನೆಗೆ ಕರೆಂಟ್ ಕಂಪನಿಗಳೇ ದುಡ್ಡು ಕೊಟ್ಟಿದ್ದವು. 1958ರಲ್ಲಿ ಅವರ ಜೊತೆಗಿದ್ದ ಗೈ ನಿಕರ್‌ಬಾಕರ್ ಅನ್ನುವ ವಿದ್ಯಾರ್ಥಿ, ನಾಯಿಯ ಎದೆ ಮೇಲೆ ಯಂತ್ರದ ಭಾರದ ಹಿಡಿಕೆಗಳನ್ನು ಒತ್ತಿ ಇಟ್ಟಾಗ ಅದರ ರಕ್ತದ ಒತ್ತಡ ಏರುವುದನ್ನು ಗಮನಿಸಿದ. ಕರೆಂಟು ಕೊಟ್ಟಿದ್ದಕ್ಕಲ್ಲ, ಬರೀ ಒತ್ತಿದ್ದಕ್ಕೆ. ಜೇಮ್ಸ್ ಜೂಡ್ ಅನ್ನುವ ಆಪರೇಷನ್ ಡಾಕ್ಟರು ಸೇರಿಕೊಂಡರು. 1960ರಲ್ಲಿ ಮೂವರೂ ಸೇರಿ ಇದನ್ನು ಪ್ರಕಟಿಸಿದರು. ಎದೆ ಕೊಯ್ಯದೆ, ಯಂತ್ರ ಇಲ್ಲದೆ, ಎರಡು ಕೈಯಲ್ಲಿ ರಕ್ತ ಓಡಿಸಬಹುದು ಅಂತ. ನನ್ನ ತಮ್ಮ ಸತ್ತಿದ್ದು ಅದಾದ ಐವತ್ತೊಂದು ವರ್ಷಕ್ಕೆ. ಐವತ್ತೊಂದು ವರ್ಷದಲ್ಲಿ ಹೈಬ್ರಿಡ್ ಬೀಜ ಬಂತು, ಟ್ರ್ಯಾಕ್ಟರ್ ಬಂತು, ಮೊಬೈಲ್ ಬಂತು. ಇದೊಂದು ಬರಲಿಲ್ಲ.

ಹೇಗೆ ಮಾಡುವುದು

ಮೊದಲನೆಯದು, ನೀವು ಎರಡನೇ ಹೆಣ ಆಗಬೇಡಿ. ಕರೆಂಟು ಹಿಡಿದವನನ್ನು ಬರಿಗೈಯಲ್ಲಿ ಎಳೆಯಲು ಹೋಗಿ ಇಬ್ಬಿಬ್ಬರು ಸತ್ತದ್ದು ನಿಮ್ಮೂರಲ್ಲೂ ಇರಬಹುದು. ಮೊದಲು ಮೇನ್ ತೆಗೆಯಿರಿ. ಆಗದಿದ್ದರೆ ಒಣಗಿದ ಮರ ಇಲ್ಲ ಒಣ ಬಿದಿರಿನಿಂದ ವೈರನ್ನು ಆಚೆ ತಳ್ಳಿ. ಇದು ಮೋಟಾರಿನ, ಮನೆಯ ಲೈನಿಗೆ ಮಾತ್ರ. ಟ್ರಾನ್ಸ್‌ಫಾರ್ಮರಿಗೆ ಬರುವ ದೊಡ್ಡ ಲೈನ್ ಹರಿದು ಬಿದ್ದಿದ್ದರೆ ಕೋಲು ಹಿಡಿದೂ ಹೋಗಬೇಡಿ, ಹತ್ತಿರದ ನೆಲದಲ್ಲೇ ಕರೆಂಟು ಹರಡಿರುತ್ತದೆ. ಲೈನ್ ಆಫ್ ಮಾಡಿಸಿಯೇ ಹೋಗಬೇಕು. ಹಗೇವಿಗೆ ಇಳಿಯುವಾಗ ನಮ್ಮ ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ಆ ಬುದ್ಧಿಯೇ ಇಲ್ಲೂ ಬೇಕು. ಹಳೇ ಬಾವಿ, ಗೊಬ್ಬರದ ಗ್ಯಾಸ್ ಗುಂಡಿ, ಇಲ್ಲೂ ಎಚ್ಚರ ಬೇಕು. ಒಬ್ಬ ಒಳಗೆ ಬಿದ್ದ ಅಂತ ಇನ್ನೊಬ್ಬ ಇಳಿಯಬಾರದು.

ಆಮೇಲೆ ಬಿದ್ದವನ ಭುಜ ತಟ್ಟಿ ಜೋರಾಗಿ ಕರೆಯಿರಿ. ಮಾತಿಲ್ಲ ಅಂದರೆ ಎದೆ ಏರಿಳಿಯುತ್ತಿದೆಯಾ ನೋಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ನೋಡುತ್ತಾ ಕೂರಬೇಡಿ. ಇಲ್ಲಿ ಒಂದು ಮೋಸ ಇದೆ. ಆಗೊಂದು ಈಗೊಂದು ಬಾಯಿ ತೆರೆದು ಎಳೆಯುವ ಉಸಿರು ಉಸಿರಲ್ಲ. ನಾವು ಅದನ್ನು ಮೇಲುಸಿರು ಅಂತೀವಿ. ನಮ್ಮ ತಮ್ಮನಿಗೆ ಆಗಿದ್ದು ಅದೇ. ಹೃದಯ ನಿಂತ ಮೇಲೂ ಕೆಲವು ನಿಮಿಷ ಹಾಗೆ ಬರುತ್ತದೆ. ಅದನ್ನು ಕಂಡು ಸುಮ್ಮನೆ ನಿಲ್ಲಬಾರದು, ಕೂಡಲೇ ಒತ್ತಲು ಶುರು ಮಾಡಬೇಕು.

ಒಬ್ಬರಿಗೆ ಹೆಸರು ಹಿಡಿದು ಹೇಳಿ, 'ನೀನು 108ಕ್ಕೆ ಫೋನ್ ಮಾಡು' ಅಂತ. 'ಯಾರಾದ್ರೂ ಫೋನ್ ಮಾಡ್ರಪ್ಪಾ' ಅಂದರೆ ಯಾರೂ ಮಾಡುವುದಿಲ್ಲ. ಬಿದ್ದವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಗ್ಗದ ಮಂಚ, ಹಾಸಿಗೆ ಮೇಲೆ ಒತ್ತಿದರೆ ಮಂಚ ಜಗ್ಗುತ್ತದೆ, ಎದೆ ಜಗ್ಗುವುದಿಲ್ಲ. ಎದೆಯ ನಟ್ಟನಡುವೆ, ಎರಡು ಮೊಲೆತೊಟ್ಟಿನ ನಡುವಿನ ಮೂಳೆ ಮೇಲೆ ಅಂಗೈಯ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸಬೇಡಿ. ತೋಳಿನ ಬಲ ಬೇಡ, ಮೈ ಭಾರ ಬಿಡಿ. ಎರಡು ಇಂಚು ಕೆಳಗೆ ಹೋಗಬೇಕು. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಸೆಕೆಂಡಿಗೆ ಎರಡಕ್ಕೆ ಚೂರು ಕಮ್ಮಿ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಇಲ್ಲದಿದ್ದರೆ ಪಂಪು ತುಂಬಿಕೊಳ್ಳುವುದಿಲ್ಲ. ಕಲಿತವರು 30 ಸಲ ಒತ್ತಿ 2 ಸಲ ಬಾಯಿಂದ ಉಸಿರು ಕೊಡಬಹುದು. ಕಲಿಯದವರು ಬರೀ ಒತ್ತುತ್ತಾ ಹೋದರೂ ಆದೀತು.

ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು. ಬೊಂಬೆ ಮೇಲೆ ಒತ್ತಿದಾಗ ನನಗೆ ಗೊತ್ತಾಯಿತು. ಇಡೀ ದಿನ ಮಡಿಕೆ ಹೊಡೆಯುವ ನಾನು ಒಂದೂವರೆ ನಿಮಿಷಕ್ಕೆ ಏದುಸಿರು ಬಿಟ್ಟೆ. ಪಕ್ಕೆಲುಬು ಲಟಕ್ ಅನ್ನಬಹುದು. ಅನ್ನಲಿ. ಮುರಿದ ಎಲುಬು ಕೂಡುತ್ತದೆ. ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವವರೆಗೆ, ಇಲ್ಲ ಬಿದ್ದವನು ಅಲ್ಲಾಡುವವರೆಗೆ ಬಿಡಬಾರದು.

ನೀರಲ್ಲಿ ಮುಳುಗಿದವರಿಗೆ ಸ್ವಲ್ಪ ಬೇರೆ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ನಮ್ಮ ಕಡೆ ಹೊಲಕ್ಕೊಂದು ಕೃಷಿ ಹೊಂಡ ಆಗಿದೆ. ಒಳ್ಳೆಯದೇ. ಆದರೆ ಅದರ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರು ದೊಡ್ಡವರಾದರೂ ಹತ್ತಿ ಬರಲಾರರು. ಮಗುವನ್ನು ಎತ್ತಿದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕುವುದು ನಮ್ಮ ರೂಢಿ. ಅದರಿಂದ ಹೊಟ್ಟೆಯ ನೀರು ಬರುತ್ತದೆ, ಅದು ಶ್ವಾಸಕೋಶಕ್ಕೆ ಹೋಗಿ ಇನ್ನೂ ಕೆಡುತ್ತದೆ. ಮುಳುಗಿದವರಿಗೆ ಕೊರತೆ ಆಗಿರುವುದು ಗಾಳಿ. ಅದಕ್ಕೇ ಅವರಿಗೆ ಮೊದಲು ಬಾಯಿಂದ ಉಸಿರು, ಆಮೇಲೆ ಎದೆ ಒತ್ತುವುದು. ಹೊಂಡದ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟರೆ ಇದು ಯಾವುದೂ ಬೇಕಾಗುವುದಿಲ್ಲ. ಹಳೇ ಟೈರ್ ಟ್ಯೂಬಿಗೆ ಗಾಳಿ ತುಂಬಿ ಬೇಲಿಗೆ ಕಟ್ಟಿಡಿ.

ಒಂದು ಎಚ್ಚರಿಕೆ. ಚೆನ್ನಾಗಿರುವ ಮನುಷ್ಯನ ಎದೆ ಮೇಲೆ ಇದನ್ನು ಕಲಿಯಲು ಹೋಗಬೇಡಿ.

ಕಾವಲಿಗೆ ಹೋದ ಹುಡುಗ

ತರಬೇತಿ ಆದ ಮೇಲೆ ಊರಲ್ಲಿ ನಮ್ಮನ್ನು ನೋಡಿ ನಗುತ್ತಿದ್ದರು. 'ಬೊಂಬೆ ಡಾಕ್ಟ್ರು ಬಂದ್ರು' ಅನ್ನೋರು. ಕೊರೊನಾ ಬಂತು, ಹೋಯಿತು. ನಾನೂ ಅರ್ಧ ಮರೆತಿದ್ದೆ.

2022ರ ಅಕ್ಟೋಬರ್. ಶೇಂಗಾ ಕೀಳುವ ಕಾಲ, ಕಾಡುಹಂದಿ ಕಾಟ. ನಮ್ಮ ಪಕ್ಕದ ಹೊಲದವರ ಮಗ, ಹತ್ತೊಂಬತ್ತು ವರ್ಷದವನು, ರಾತ್ರಿ ಕಾವಲಿಗೆ ಗುಡಿಸಲಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ. ಬೆಳಿಗ್ಗೆ ಐದಕ್ಕೆ ಹೊಟ್ಟೆನೋವು ಅಂತ ಮನೆಗೆ ಬಂದ. ವಾಂತಿ ಆಯಿತು. ಅವರಮ್ಮ ಓಂಕಾಳಿನ ಕಷಾಯ ಕೊಟ್ಟು ಮಲಗಿಸಿದರು. ಆರೂವರೆಗೆ ನಾನು ಹಾಲು ಹಾಕಿ ಬರುವಾಗ ಅವರಪ್ಪ, 'ನೋಡಣ್ಣ, ಹುಡುಗ ಕಣ್ಣೇ ಬಿಡ್ತಿಲ್ಲ, ರಾತ್ರಿ ಎಲ್ಲಾ ಎಚ್ಚರ ಇದ್ದ ಅಂತ ಕಾಣ್ತದೆ' ಅಂದ. ಹೋಗಿ ನೋಡಿದೆ. ನಿದ್ದೆ ಅಲ್ಲ. ಎಚ್ಚರ ಇದೆ, ಆದರೆ ರೆಪ್ಪೆ ಎತ್ತಲಾಗುತ್ತಿಲ್ಲ. 'ದೊಡ್ಡಪ್ಪಾ' ಅಂದ, ಮಾತು ತೊದಲುತ್ತಿತ್ತು. ಎಂಜಲು ನುಂಗಲಾಗದೆ ಬಾಯಿಂದ ಇಳಿಯುತ್ತಿತ್ತು.

ಸಿಸ್ಟರ್ ಹೇಳಿದ್ದು ತಟಕ್ಕನೆ ನೆನಪಾಯಿತು. ಕಟ್ಟುಹಾವು ರಾತ್ರಿ ಹೊತ್ತು ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಹಲ್ಲು ಸಣ್ಣ, ಎಷ್ಟೋ ಸಲ ನೋವಿಲ್ಲ, ಬಾವಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಗಾಗುವ ಹೊತ್ತಿಗೆ ಹೊಟ್ಟೆನೋವು, ಆಮೇಲೆ ರೆಪ್ಪೆ ಬೀಳುವುದು, ಆಮೇಲೆ ಉಸಿರಾಡುವ ಸ್ನಾಯುಗಳೇ ನಿಲ್ಲುವುದು. ಹುಡುಗನ ಮೈಯಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. 'ಹಾವು ಕಚ್ಚಿದ್ರೆ ಗೊತ್ತಾಗಲ್ವಾ, ಗಾಳಿ ಸೋಕಿರಬೇಕು, ದೇವರ ಹತ್ರ ಕರ್ಕೊಂಡು ಹೋಗಾಣ' ಅಂದರು. ನಾನು ಆ ದಿನ ಜಗಳ ಆಡಿದೆ. ಹಿರಿಯರಿಗೆ ಎದುರಾಡಿದೆ. ಅವರ ಮನೆಯ ಓಮ್ನಿಯಲ್ಲಿ ಹಾಕಿಕೊಂಡು ಹೊರಟೆವು. ನನ್ನ ಜೊತೆ ತರಬೇತಿಗೆ ಬಂದಿದ್ದ ಡೈರಿಯ ಹುಡುಗನನ್ನೂ ಹತ್ತಿಸಿಕೊಂಡೆ. ಎಂಜಲು ಗಂಟಲಿಗೆ ಇಳಿಯದ ಹಾಗೆ ಹುಡುಗನನ್ನು ಎಡ ಮಗ್ಗುಲಿಗೆ ಮಲಗಿಸಿದೆವು.

ಗುಡ್ಡ ದಾಟಿ ಸಿಗ್ನಲ್ ಬಂದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ ಹಾವಿನ ವಿಷದ ಔಷಧಿ ಇದೆಯಾ ಕೇಳಿದೆವು. ಇದೆ ಅಂದರು. ಇದನ್ನು ನೀವೂ ಮಾಡಿ. ಇಲ್ಲದ ಕಡೆ ಹೋಗಿ ಅರ್ಧ ಗಂಟೆ ಕಳೆಯಬಾರದು. ಆಮೇಲೆ ಸಿಸ್ಟರ್‌ಗೆ ಫೋನ್. ಅಷ್ಟರಲ್ಲಿ, ಇನ್ನೂ ಹನ್ನೆರಡು ಹದಿಮೂರು ಕಿಲೋಮೀಟರ್ ಇರುವಾಗ, ಹುಡುಗನ ಉಸಿರು ಸಣ್ಣಗಾಗಿ ನಿಂತೇ ಹೋಯಿತು. ತುಟಿ ನೀಲಿ. ಅವರಪ್ಪ 'ಹೋಯ್ತು, ಹೋಯ್ತು' ಅಂತ ಎದೆ ಬಡಿದುಕೊಂಡ. ಸಿಸ್ಟರ್ ಫೋನಿನಲ್ಲಿ, 'ಕತ್ತಿನ ಪಕ್ಕ ನಾಡಿ ನೋಡಿ' ಅಂದರು. ಬಡಿಯುತ್ತಿತ್ತು! 'ಹಾಗಾದ್ರೆ ಅಂಗಾತ ಮಾಡಿ, ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಊದಿ. ಎದೆ ಮೇಲೇಳಬೇಕು. ಐದಾರು ಸೆಕೆಂಡಿಗೆ ಒಂದು ಸಲ. ನಾಡಿ ನೋಡ್ತಾ ಇರಿ, ನಿಂತ್ರೆ ಎದೆ ಒತ್ತಿ. ಆಸ್ಪತ್ರೆ ತನಕ ಬಿಡಬೇಡಿ.'

ಎಂಜಲು, ವಾಂತಿ ವಾಸನೆ. ಟವೆಲಿನ ತುದಿಯಲ್ಲಿ ಒರೆಸಿ ಊದಿದೆ. ನಾನು ಒಂದಷ್ಟು ಹೊತ್ತು, ಡೈರಿ ಹುಡುಗ ಒಂದಷ್ಟು ಹೊತ್ತು. ರಸ್ತೆ ಹಾಳಾಗಿತ್ತು, ಹಲ್ಲಿಗೆ ಹಲ್ಲು ತಾಗಿ ನನ್ನ ತುಟಿ ಒಡೆಯಿತು. ಇಪ್ಪತ್ತು ನಿಮಿಷದ ಮೇಲಾಯಿತು. ನಾಲ್ಕೈದು ಸಲ ಊದಿದ ಮೇಲೆ ನೀಲಿ ತುಟಿ ಕೆಂಪಗಾಗುವುದನ್ನು ಕಣ್ಣಾರೆ ಕಂಡೆ.

ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿ, ವಿಷದ ಔಷಧಿ ಏರಿಸಿ, ದುರ್ಗಕ್ಕೆ ಕಳಿಸಿದರು. ಅಲ್ಲಿ ಉಸಿರಾಟದ ಮೆಷಿನ್ನಿನಲ್ಲಿ ನಾಲ್ಕು ದಿನ. ಐದನೇ ದಿನ ಕಣ್ಣು ಬಿಟ್ಟ. ಊರಿಗೆ ಬಂದ ಮೇಲೆ ಅವನು ಒಂದು ಮಾತು ಹೇಳಿದ. 'ನಂಗೆ ಎಲ್ಲಾ ಕೇಳಿಸ್ತಿತ್ತು ದೊಡ್ಡಪ್ಪ. ಅಪ್ಪ ಹೋಯ್ತು ಅಂದಿದ್ದೂ ಕೇಳಿಸ್ತು. ಕಣ್ಣು ಬಿಡಾಕೆ ಆಗ್ತಿರಲಿಲ್ಲ.' ಕಟ್ಟುಹಾವಿನ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ಬುದ್ಧಿಯನ್ನಲ್ಲ. ಸತ್ತ ಅಂತ ನಾವು ಬಿಟ್ಟುಕೊಟ್ಟವರಲ್ಲಿ ಹೀಗೆ ಕೇಳಿಸಿಕೊಳ್ಳುತ್ತಾ ಮಲಗಿದ್ದವರು ಎಷ್ಟು ಜನವೋ.

ಹಾವಿನ ಕಡಿತಕ್ಕೆ

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಒಂದು ಅಧ್ಯಯನ ಲೆಕ್ಕ ಹಾಕಿದೆ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಲ್ಲಿ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಅಲ್ಲಿವರೆಗೆ ಎಷ್ಟು ಜನ ಅನ್ನುವ ಸರಿಯಾದ ಲೆಕ್ಕವೇ ಇರಲಿಲ್ಲ.

ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟಬೇಡಿ. ಕೊಯ್ಯಬೇಡಿ, ಹೀರಬೇಡಿ, ಸುಡಬೇಡಿ, ಸೊಪ್ಪು ಅರೆದು ಹಚ್ಚಬೇಡಿ. ಬಿಗಿದು ಕಟ್ಟಿದರೆ ಕೊಳಕುಮಂಡಲ, ಗರಗಸ ಮಂಡಲ ಕಚ್ಚಿದ ಕಾಲಿನ ಮಾಂಸವೇ ಕೊಳೆಯುತ್ತದೆ. ಕಟ್ಟಿದ್ದನ್ನು ದಿಢೀರನೆ ಬಿಚ್ಚಿದಾಗ ವಿಷ ಒಟ್ಟಿಗೇ ನುಗ್ಗುತ್ತದೆ. ಯಾರಾದರೂ ಆಗಲೇ ಬಿಗಿದಿದ್ದರೆ ಡಾಕ್ಟರ ಎದುರಿಗೇ ಬಿಚ್ಚಿಸಿ. ಉಂಗುರ, ಬಳೆ, ಕಾಲ್ಗೆಜ್ಜೆ ಮಾತ್ರ ಬೇಗ ತೆಗೆಯಿರಿ, ಬಾತುಕೊಂಡರೆ ಆಮೇಲೆ ಬರುವುದಿಲ್ಲ. ಕೈಯೋ ಕಾಲೋ ಅಲ್ಲಾಡದ ಹಾಗೆ ಒಂದು ಕೋಲು ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ಹಾವನ್ನು ಹುಡುಕಿ ಹೊಡೆಯಲು ಹೊತ್ತು ಕಳೆಯಬೇಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವುದು ಒಂದೇ ಔಷಧಿ. ಕಾವಲಿಗೆ ಹೋಗುವವರು ಮಂಚದ ಮೇಲೆ, ಸೊಳ್ಳೆ ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿದರೆ ಕಟ್ಟುಹಾವಿನ ಭಯ ಬಹಳ ಕಮ್ಮಿ. ಆ ಹುಡುಗ ಈಗ ಅಟ್ಟಣೆ ಮೇಲೆ ಮಲಗುತ್ತಾನೆ.

ರಕ್ತ ಮತ್ತು ಔಷಧಿ

ಮೇವು ಕತ್ತರಿಸುವ ಮೆಷಿನ್ನಿಗೆ, ಒಕ್ಕಣೆ ಮೆಷಿನ್ನಿಗೆ ಕೈ ಸಿಕ್ಕಿದಾಗ ನಾವು ಹಾಕುವುದು ಕಾಫಿಪುಡಿ, ಅರಿಶಿನ, ಸುಣ್ಣ, ಹೊಗೆಸೊಪ್ಪು. ರಕ್ತ ನಿಲ್ಲಿಸುವುದು ಪುಡಿಯಲ್ಲ, ಒತ್ತಡ. ತೊಳೆದ ಬಟ್ಟೆ ಮಡಿಸಿ ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಿಂತಿತಾ ಅಂತ ಘಳಿಗೆಗೊಮ್ಮೆ ತೆಗೆದು ನೋಡಬಾರದು. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು. ಕೈಯೇ ತುಂಡಾಗಿ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯಕ್ಕಿಂತ ಮೇಲೆ ಅಗಲವಾದ ಬಟ್ಟೆಯಿಂದ ಬಿಗಿದು ಕಟ್ಟಿ, ಕಟ್ಟಿದ ಹೊತ್ತು ಬರೆದಿಡಿ. ಹಾವಿಗೆ ಕಟ್ಟಬಾರದು, ಇದಕ್ಕೆ ಕಟ್ಟಬಹುದು. ಎರಡನ್ನೂ ಕಲಸಿಕೊಳ್ಳಬೇಡಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆ ಕವರನ್ನು ಐಸ್ ಮೇಲಿಡಿ. ಐಸಿನೊಳಗೇ ಬೆರಳು ಹಾಕಿದರೆ ಸುಟ್ಟಂತಾಗುತ್ತದೆ.

ಔಷಧಿ ಹೊಡೆಯುವಾಗಿನ ಮಾತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಾ 20ರಷ್ಟು ಜನ ಸತ್ತರು. ಬೆವರು, ಜೊಲ್ಲು, ಕಣ್ಣು ಮಂಜು, ಮೈ ಅದುರುವುದು ಕಂಡರೆ ಪಂಪು ಇಳಿಸಿ ಬಟ್ಟೆ ಪೂರ್ತಿ ಬಿಚ್ಚಿಸಿ ಸೋಪು ಹಚ್ಚಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರಾದರೂ ಹಾಕಿಕೊಳ್ಳಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ ಕರೆದೊಯ್ಯಿರಿ. ಡಬ್ಬ ಜೊತೆಗಿರಲಿ. ಡಾಕ್ಟರಿಗೆ ನಿಮ್ಮ ಮಾತಿಗಿಂತ ಡಬ್ಬದ ಚೀಟಿ ಹೆಚ್ಚು ಹೇಳುತ್ತದೆ.

ಪೊಲೀಸ್ ಭಯ, ಮತ್ತು ಮರೆವು

ಹೈವೇ ನಮ್ಮೂರ ಹತ್ತಿರವೇ ಹಾದುಹೋಗುತ್ತದೆ. ಅಪಘಾತ ಆದಾಗ ಮುಟ್ಟಲಿಕ್ಕೆ ಜನ ಹೆದರುತ್ತಾರೆ, ಕೋರ್ಟು ಕಚೇರಿ ಯಾರಿಗೆ ಬೇಕು ಅಂತ. ಈಗ ಆ ಭಯ ಬೇಕಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ನೆರವಿಗೆ ಬಂದವರಿಗೆ ತೊಂದರೆ ಕೊಡಬಾರದು ಅನ್ನುವ ನಿಯಮಗಳನ್ನು ಎತ್ತಿಹಿಡಿಯಿತು. ಕರ್ನಾಟಕ ಇದಕ್ಕೆಂದೇ ಕಾಯ್ದೆ ಮಾಡಿತು, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ನಿನಲ್ಲೂ ಇದೆ. ಒಳ್ಳೆ ಮನಸ್ಸಿನಿಂದ ನೆರವು ಮಾಡುವಾಗ ಗಾಯಾಳುವಿಗೆ ಏನಾದರೂ ಆದರೆ ನೆರವಾದವರ ಮೇಲೆ ಕೇಸಿಲ್ಲ. ಹೆಸರು ಹೇಳಲೇಬೇಕು ಅಂತಲೂ ಇಲ್ಲ.

ಕಾರ್ಖಾನೆಗಳಿಗೆ 1948ರ ಕಾಯ್ದೆಯಲ್ಲೇ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅದನ್ನು ನೋಡಿಕೊಳ್ಳಲು ಕಲಿತ ಒಬ್ಬರು ಇರಬೇಕು ಅಂತ ಇತ್ತು. ಹೊಲಕ್ಕೆ ಅಂಥ ಕಾಯ್ದೆ ಇಲ್ಲ. ನಾವೇ ಮಾಡಿಕೊಳ್ಳಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಈ ತರಬೇತಿ ಕೊಡುತ್ತವೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಕೇಳಿ. ಈ ಲೇಖನ ಓದಿದರೆ ಸಾಕು ಅಂದುಕೊಳ್ಳಬೇಡಿ. ಈಜು ಪುಸ್ತಕದಲ್ಲಿ ಬರುವುದಿಲ್ಲ. ಎರಡು ಇಂಚು ಒತ್ತುವುದು ಅಂದರೆ ಎಷ್ಟು ಅಂತ ಕೈಗೇ ಗೊತ್ತಾಗಬೇಕು. ಕೈ ಬಹಳ ಬೇಗ ಮರೆಯುತ್ತದೆ, ಆರು ತಿಂಗಳಿಗೆ ಅರ್ಧ ಹೋಗಿರುತ್ತದೆ. ನಮ್ಮ ಡೈರಿಯಲ್ಲಿ ಈಗ ವರ್ಷಕ್ಕೆ ಎರಡು ಸಲ ಮಾಡಿಸುತ್ತೇವೆ. ಡೈರಿ ಲಾಭದಲ್ಲಿ ಸಿಸ್ಟರ್‌ಗೆ ಬಸ್ ಚಾರ್ಜು, ಎಲ್ಲರಿಗೂ ಊಟ. ಬೊಂಬೆ ಇಲ್ಲದ ದಿನ ಗೋಣಿಚೀಲಕ್ಕೆ ಹೊಟ್ಟು ಗಿಡಿದು ಅದರ ಮೇಲೆ ಎಣಿಸುತ್ತಾ ಒತ್ತುತ್ತೇವೆ.

ಮೊದಲ ಸಲ ಹೆಂಗಸರು ಬಾಗಿಲಲ್ಲೇ ನಿಂತಿದ್ದರು. ಈಗ ಅವರೇ ಹೆಚ್ಚು. ಹಗಲು ಹೊತ್ತು ಹೊಲದಲ್ಲಿ, ಮನೆಯಲ್ಲಿ ಇರುವವರು ಅವರೇ ತಾನೇ. ತಮ್ಮನ ಹೆಂಡತಿ ಮೊದಲೆರಡು ಸಲ ಬರಲಿಲ್ಲ. ನಾನೂ ಕರೆಯಲಿಲ್ಲ, ಕರೆಯಲು ಮನಸ್ಸಾಗಲಿಲ್ಲ. ಹೋದ ವರ್ಷ ತಾನಾಗಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ನಿಮಿಷ ಬಿಡದೆ ಒತ್ತಿದಳು. ಸಿಸ್ಟರ್ 'ಸಾಕಮ್ಮ, ಈಗ ಬೇರೆಯವರು' ಅಂದರೂ ಎದ್ದಿರಲಿಲ್ಲ.

ನಮ್ಮ ಸ್ಟಾರ್ಟರ್ ಡಬ್ಬ ಈಗ ಮರದ ಹಲಗೆ ಮೇಲಿದೆ. ಅರ್ಥಿಂಗ್ ಮಾಡಿಸಿ, ಶಾಕ್ ಹೊಡೆಯುವ ಮೊದಲೇ ಲೈನ್ ಕಡಿಯುವ ಬ್ರೇಕರ್ ಹಾಕಿಸಿದ್ದೇನೆ. ಕಾಲ ಕೆಳಗೆ ಹಳೇ ರಬ್ಬರ್ ಮ್ಯಾಟು. ಪಕ್ಕದ ಕಂಬಕ್ಕೆ ಆರಡಿ ಒಣ ಬಿದಿರು ಕೋಲು ಕಟ್ಟಿ, ಮಳೆಗೆ ನೆನೆಯದ ಹಾಗೆ ಮೇಲೆ ತಗಡು ಹೊಡೆದಿದ್ದೇನೆ. ಆ ಕೋಲನ್ನು ಬೇರೆ ಯಾವ ಕೆಲಸಕ್ಕೂ ತೆಗೆಯಬಾರದು ಅಂತ ಮನೆಯಲ್ಲಿ ಹೇಳಿಟ್ಟಿದ್ದೇನೆ.